ಕ್ರಿಯಾಪದ ಬರುವ ತನಕ

ಕನ್ನಡದ ವಾಕ್ಯ ತನ್ನ ಮುಖ್ಯ ಮಾತನ್ನು ಕೊನೆಗೆ ಇಟ್ಟುಕೊಂಡಿರುತ್ತದೆ. ಯಾರು, ಎಲ್ಲಿ, ಯಾವಾಗ, ಯಾರಿಗೆ ಎಂಬುದೆಲ್ಲ ಮೊದಲು ಬಂದು ಸಾಲಾಗಿ ನಿಲ್ಲುತ್ತದೆ. ಆದದ್ದೇನು, ಅಷ್ಟಕ್ಕೂ ಅದು ಆಯಿತೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಪೂರ್ಣವಿರಾಮದ ತನಕ ಹೋಗಲೇಬೇಕು. ಒಂದು ವಾಕ್ಯ ಕಟ್ಟಿ ನೋಡೋಣ: ‘ಹೆರಿಗೆಗೆಂದು ಆಸ್ಪತ್ರೆಗೆ ಬಂದಿದ್ದ ಹೆಣ್ಣುಮಗಳನ್ನು ದುಡ್ಡು ಕಟ್ಟಲಿಲ್ಲವೆಂಬ ಕಾರಣಕ್ಕೆ ರಾತ್ರೋರಾತ್ರಿ ಹೊರಗೆ ಹಾಕಿದರು ಎಂದು ಹಬ್ಬಿರುವ ಸುದ್ದಿ ಸುಳ್ಳು ಎಂದು ಆಕೆಯ ಗಂಡನೇ ಹೇಳಿದ್ದಾನೆ.’ ಮುಕ್ಕಾಲು ವಾಕ್ಯ ಓದಿ ಬಿಟ್ಟವನ ತಲೆಯಲ್ಲಿ ಒಂದು ಘೋರ ಅನ್ಯಾಯ ನಡೆದುಹೋಗಿದೆ. ಪೂರ್ತಿ ಓದಿದವನಿಗೆ ಅಂಥದ್ದೇನೂ ನಡೆದೇ ಇಲ್ಲ.

ಈ ವಾಕ್ಯ ಫೋನಿನ ನೋಟಿಫಿಕೇಶನ್ ಪಟ್ಟಿಯಲ್ಲಿ ಬಂದರೆ ಎಲ್ಲಿಗೆ ತುಂಡಾಗುತ್ತದೆ? ಹೆಚ್ಚುಕಡಿಮೆ ‘ಹೊರಗೆ ಹಾಕಿದರು’ ಎನ್ನುವಲ್ಲಿಗೆ. ಆಮೇಲೆ ಮೂರು ಚುಕ್ಕಿ. ಇಂಗ್ಲಿಷಿನಲ್ಲಾದರೆ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ನಿರಾಕರಿಸಿದ್ದು ಗಂಡ ಎಂಬುದು ಮೊದಲ ಮೂರು ನಾಲ್ಕು ಪದದಲ್ಲೇ ಗೊತ್ತಾಗಿಬಿಡುತ್ತದೆ. ನಮ್ಮ ಭಾಷೆಯಲ್ಲಿ ಹಾಗಾಗುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಜೇಕಬ್ ನೀಲ್ಸನ್ ಅವರ ಸಂಸ್ಥೆ 232 ಜನರ ಕಣ್ಣು ವೆಬ್ ಪುಟದ ಮೇಲೆ ಎಲ್ಲೆಲ್ಲಿ ಓಡುತ್ತದೆ ಎಂದು ಯಂತ್ರ ಇಟ್ಟು ದಾಖಲಿಸಿತು. ಮೇಲಿನ ಒಂದೆರಡು ಸಾಲನ್ನು ಜನ ಅಡ್ಡಕ್ಕೆ ಓದುತ್ತಾರೆ, ಸ್ವಲ್ಪ ಕೆಳಗೆ ಇನ್ನೊಂದು ಅರ್ಧ ಸಾಲು ಓದುತ್ತಾರೆ, ಅಲ್ಲಿಂದ ಮುಂದೆ ಎಡಗಡೆಯ ಅಂಚನ್ನೇ ಹಿಡಿದು ಸರ್‍ರನೆ ಇಳಿದುಬಿಡುತ್ತಾರೆ. ಇಂಗ್ಲಿಷಿನ ಎಫ್ ಅಕ್ಷರದ ಆಕಾರ. ಹಾಗೆ ಓದುವ ಕಣ್ಣು ಕನ್ನಡ ಪುಟದ ಮೇಲೆ ಓಡಿದರೆ ಹೆಸರುಗಳನ್ನು, ಊರುಗಳನ್ನು, ವಿಶೇಷಣಗಳನ್ನು ಹೆಕ್ಕಿಕೊಳ್ಳುತ್ತದೆ. ‘ಇಲ್ಲ’, ‘ಅಲ್ಲ’, ‘ಬಾರದು’, ‘ಆಗಲಿಲ್ಲ’ ಎಂಬ ನಿರ್ಣಾಯಕ ಮಾತುಗಳನ್ನು ಅಲ್ಲೇ ಬಿಟ್ಟುಬರುತ್ತದೆ.

ಇದು ಬರೀ ವ್ಯಾಕರಣದ ಚಿಂತೆಯಾಗಿ ಉಳಿದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಆ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕೈಯಿಂದ ಕೈಗೆ ಓಡಾಡುತ್ತಿತ್ತು. ಬೀದಿಯಲ್ಲಿ ಹುಡುಗರು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿ ಕೂರಿಸಿಕೊಂಡು ಹೋಗಿಬಿಡುತ್ತಾರೆ. ನೋಡಿದವರ ಎದೆ ಧಸಕ್ಕೆನ್ನುವಂಥ ದೃಶ್ಯ. ಅದರ ಮೂಲ ಎಲ್ಲಿಯದು ಗೊತ್ತೇ? ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಕೆ ಮೂಡಿಸಲು ಮಾಡಿದ ಕಿರುಚಿತ್ರ. ಮೂಲದಲ್ಲಿ ಬೈಕ್ ಸವಾರರು ತಿರುಗಿ ಬಂದು, ಮಗುವನ್ನು ಇಳಿಸಿ, ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಕ್ಷಣಮಾತ್ರ ಸಾಕು ಎಂಬರ್ಥದ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು. ಕೊನೆ ಇಲ್ಲದ ಚಿತ್ರ ಇನ್ನೊಂದೇ ಕತೆ ಹೇಳಿತು. ಅದನ್ನು ನಂಬಿದವರಲ್ಲಿ ಮಕ್ಕಳಿರುವ ತಾಯಂದಿರಿದ್ದರು, ಅಂಗಡಿಯವರಿದ್ದರು, ಓದಿಕೊಂಡವರೂ ಇದ್ದರು.

ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇದೇ ಗುಮಾನಿಗೆ ಬಲಿಯಾದರು. ಅವರ ಜೊತೆಯವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲು ಅವರ ಮೇಲಿನ ಆರೋಪ ಅಲ್ಲಿಗೆ ಮುಟ್ಟಿತ್ತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. ಕೈಗೆ ಹಾಕಿದ ಆ ಕಡಿವಾಣ ಒಳ್ಳೆಯದೇ. ಆದರೆ ಕಣ್ಣಿನ ಅಭ್ಯಾಸ ಹಾಗೇ ಉಳಿಯಿತು. ಕೊನೆಯ ತನಕ ನಿಲ್ಲದೆ, ನಡುವಿನಲ್ಲೇ ತೀರ್ಮಾನಕ್ಕೆ ಬಂದು, ಮುಂದಿನದಕ್ಕೆ ಹಾರುವ ಅಭ್ಯಾಸ ಅದು. ಪುಸ್ತಕ ಓದುವುದಕ್ಕೂ, ಸ್ವಂತ ಬುದ್ಧಿಯಿಂದ ಯೋಚಿಸುವುದಕ್ಕೂ, ಎದುರಿಗೆ ಕೂತ ಮನುಷ್ಯನ ಮಾತು ಕೇಳುವುದಕ್ಕೂ ಬೇಕಾದದ್ದು ಒಂದೇ ಶಕ್ತಿ ಎಂದು ನಾನು ನಂಬಿದ್ದೇನೆ. ಮಾತು ಮುಗಿಯುವ ತನಕ ಅದರ ಜೊತೆಗಿರುವ ಶಕ್ತಿ. ಒಂದು ಕಡೆ ಅದು ಸವೆದರೆ ಮೂರೂ ಕಡೆ ಸವೆಯುತ್ತದೆ.

ಓದು ಹುಟ್ಟಿನಿಂದ ಬಂದದ್ದಲ್ಲ ಎಂಬುದನ್ನು ನಾವು ಮರೆತುಬಿಡುತ್ತೇವೆ. ಮಗು ಮಾತನ್ನು ಕೇಳುತ್ತಾ ಕಲಿಯುತ್ತದೆ, ನಡೆಯುವುದನ್ನು ಬೀಳುತ್ತಾ ಕಲಿಯುತ್ತದೆ. ಬರವಣಿಗೆ ಭೂಮಿಗೆ ಬಂದು ಐದು ಸಾವಿರ ಚಿಲ್ಲರೆ ವರ್ಷವಾಯಿತಷ್ಟೆ. ಓದುವುದಕ್ಕೆಂದೇ ಮಿದುಳಿನಲ್ಲಿ ಪ್ರಕೃತಿ ಒಂದು ಜಾಗ ಮಾಡಿಟ್ಟಿಲ್ಲ. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ಇದನ್ನು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಮುಖ ಗುರುತಿಸಲು, ವಸ್ತುಗಳ ಆಕಾರ ಹಿಡಿಯಲು ಇದ್ದ ಮಿದುಳಿನ ಭಾಗಗಳನ್ನೇ ಅಕ್ಷರ ಕಲಿಯುವಾಗ ನಾವು ಬೇರೆ ಕೆಲಸಕ್ಕೆ ಹಚ್ಚುತ್ತೇವೆ ಎನ್ನುತ್ತಾರೆ ಅವರು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ದೇಶದ್ದೇ. ಲಕ್ನೋ ಸಮೀಪದ ಹಳ್ಳಿಗಳಲ್ಲಿ ಅಕ್ಷರವೇ ಬಾರದ ವಯಸ್ಕರಿಗೆ, ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು, ಆರು ತಿಂಗಳು ಹಿಂದಿ ಓದಲು ಕಲಿಸಿ, ಮೊದಲು ಮತ್ತು ಆಮೇಲೆ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಮಿದುಳಿನ ಹೊರಪದರದಲ್ಲಷ್ಟೇ ಅಲ್ಲದೆ ಆಳದ ಭಾಗಗಳ ಜೊತೆಗಿನ ಹೊಂದಾಣಿಕೆಯಲ್ಲೂ ಬದಲಾವಣೆ ಕಂಡಿತು. ಬೆಳೆದ ಮೇಲೂ ಮಿದುಳು ಅಷ್ಟು ಬೇಗ ಬಾಗುತ್ತದೆ. ಕಲಿಸಿದ ಕಡೆಗೆ ಬಾಗುವ ಮಿದುಳು ಕಲಿತದ್ದನ್ನು ಬಿಡಿಸಿದ ಕಡೆಗೂ ಬಾಗುತ್ತದೆ.

ಕನ್ನಡ ಮಗುವಿನ ದಾರಿ ಇನ್ನೂ ಉದ್ದ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಎದುರು ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಬೆಂಗಳೂರಿನಲ್ಲಿದ್ದುಕೊಂಡು ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಬರಹದಲ್ಲಿ, ಈ ರೂಪಗಳೆಲ್ಲ ಮಗುವಿಗೆ ಕರಗತವಾಗಲು ನಾಲ್ಕನೇ ತರಗತಿಯ ತನಕವೂ ಸಮಯ ಹಿಡಿಯುತ್ತದೆ ಎಂಬುದನ್ನು ತೋರಿಸಿದ್ದಾರೆ. ಮೇಷ್ಟ್ರುಗಳಿಗೆ ಇದು ಅನುಭವದಿಂದಲೇ ಗೊತ್ತು. ಮೂರನೇ ತರಗತಿಯ ಹುಡುಗಿ ‘ಸ್ವಾತಂತ್ರ್ಯ’ ಎಂಬ ಪದದ ಮುಂದೆ ನಿಂತು, ಬೆರಳಿಟ್ಟು, ತುಟಿ ಅಲ್ಲಾಡಿಸಿ, ‘ತ’ಕ್ಕೆ ಯಾವ ಒತ್ತು, ಅದರ ಕೆಳಗೆ ಇನ್ನೊಂದು ಯಾವುದು ಎಂದು ಬಿಡಿಸಿಕೊಂಡು, ಕೊನೆಗೆ ಒಂದೇ ಉಸಿರಿಗೆ ಹೇಳಿಬಿಟ್ಟಾಗ ಅವಳ ಮುಖ ಅರಳುತ್ತದಲ್ಲ, ಆ ಗಳಿಗೆಗೆ ಮೂರು ವರ್ಷದ ತಾಳ್ಮೆ ಬೇಕು. ಆ ಮೂರು ವರ್ಷದ ಮಧ್ಯದಲ್ಲೇ ಈಗ ಫೋನು ಬಂದು ಕೂರುತ್ತದೆ. ಕನ್ನಡದ ಓದು ಇನ್ನೂ ಕಷ್ಟವೆನಿಸುವ ಹಂತದಲ್ಲಿರುವ ಮಗುವಿನ ಕೈಗೆ ಓದಿನ ಅಗತ್ಯವೇ ಇಲ್ಲದ, ಬೆರಳು ಸರಿಸಿದರೆ ಸಾಕು ನಗಿಸುವ ಚಿತ್ರಗಳು ಸಿಕ್ಕರೆ ಅದು ಯಾವುದನ್ನು ಆರಿಸಿಕೊಳ್ಳುತ್ತದೆ? ಮಗುವಿನ ತಪ್ಪು ಇದರಲ್ಲಿ ಏನೂ ಇಲ್ಲ.

ಓದು ಬಂದ ಮೇಲೂ ಅದು ನಮ್ಮ ಬಳಿ ಕಾಯಂ ಆಗಿ ಉಳಿಯುವುದಿಲ್ಲ. ಮೇರಿಯಾನ್ ವುಲ್ಫ್ ಅಮೆರಿಕದ ವಿದ್ವಾಂಸೆ. ಮಿದುಳು ಹೇಗೆ ಓದುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. 2018ರ ತಮ್ಮ ಪುಸ್ತಕದಲ್ಲಿ ಒಂದು ಪ್ರಯೋಗ ಬರೆದುಕೊಂಡಿದ್ದಾರೆ. ಪ್ರಾಯದಲ್ಲಿ ಬಹಳ ಪ್ರೀತಿಸಿದ್ದ ಹರ್ಮನ್ ಹೆಸ್ಸೆಯ ‘ದಿ ಗ್ಲಾಸ್ ಬೀಡ್ ಗೇಮ್’ ಕಾದಂಬರಿಯನ್ನು ಮತ್ತೆ ತೆಗೆದರೆ ಓದಲಾಗಲಿಲ್ಲ. ವಾಕ್ಯಗಳು ವಿನಾಕಾರಣ ಉದ್ದವೆನಿಸಿದವು, ಕತೆ ತೆವಳುತ್ತಿದೆ ಎನಿಸಿತು. ಪುಸ್ತಕ ಬದಲಾಗಿರಲಿಲ್ಲ. ದಿನವಿಡೀ ಪರದೆಯ ಮೇಲೆ ಹಾರಿ ಹಾರಿ ಓದಿ, ಅದೇ ಗತಿಯನ್ನು ಅವರು ಪುಸ್ತಕಕ್ಕೂ ತಂದಿದ್ದರು. ಆಮೇಲೆ ದಿನಕ್ಕೆ 20 ನಿಮಿಷ ಎಂದು ಗೊತ್ತು ಮಾಡಿಕೊಂಡು ಅದೇ ಪುಸ್ತಕಕ್ಕೆ ಕೂತರು. ಸುಮಾರು ಎರಡು ವಾರದ ಹೊತ್ತಿಗೆ ಹಳೆಯ ಓದು ಮರಳಿತು. ಓದಿನ ವಿಜ್ಞಾನಿಗೇ ಹೀಗಾದರೆ ಎಂದು ಗಾಬರಿಪಡುವುದಕ್ಕಿಂತ, ಎರಡೇ ವಾರದಲ್ಲಿ ಮರಳಿತು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎನಿಸುತ್ತದೆ ನನಗೆ.

ಹಾಗಾದರೆ ಕಾಗದ ಒಳ್ಳೆಯದು, ಪರದೆ ಕೆಟ್ಟದ್ದು ಎನ್ನಬಹುದೇ? ಅಷ್ಟು ಸಲೀಸಾಗಿ ಹೇಳಲಾಗದು. 2000ದಿಂದ 2017ರ ತನಕ ನಡೆದ 54 ಅಧ್ಯಯನಗಳನ್ನು, ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಓದುಗರ ಫಲಿತಾಂಶಗಳನ್ನು, ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಮಾಹಿತಿಯ ಬರಹ ಓದುವಾಗ, ಅದರಲ್ಲೂ ಗಡುವಿನ ಒಳಗೆ ಓದುವಾಗ, ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಕತೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ವರ್ಷ ಕಳೆದಂತೆ ಜನ ಪರದೆಗೆ ಒಗ್ಗಿಕೊಂಡು ಈ ಅಂತರ ಕಡಿಮೆಯಾಗಬೇಕಿತ್ತು ಎಂದುಕೊಳ್ಳುತ್ತೇವೆ. ಆಗಿದ್ದು ತಿರುಗಾಮುರುಗಾ, ಅಂತರ ಹೆಚ್ಚಿತ್ತು. ಒಗ್ಗಿಕೊಂಡಷ್ಟೂ ನಾವು ಪರದೆಯ ಮೇಲೆ ಹಗುರವಾಗಿ ಓದುತ್ತಿದ್ದೇವೆ ಎಂದೇ ಅದರ ಅರ್ಥ. ಇಸ್ರೇಲಿನ ರಾಕೆಫೆತ್ ಆಕರ್‌ಮನ್ ಅದಕ್ಕೂ ಮೊದಲೇ, 2011ರಲ್ಲಿ, ಇದಕ್ಕೊಂದು ಸುಳಿವು ಕೊಟ್ಟಿದ್ದರು. ಎಲ್ಲರಿಗೂ ಒಂದೇ ಸಮಯ ಗೊತ್ತುಮಾಡಿದಾಗ ಕಾಗದಕ್ಕೂ ಪರದೆಗೂ ಅಂತರವಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಓದಿ ಎಂದಾಗ ಪರದೆಯವರು ‘ಅರ್ಥವಾಯಿತು’ ಎಂದುಕೊಂಡು ಬೇಗ ನಿಲ್ಲಿಸಿದರು, ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಕಣ್ಣಿಗಿಂತ ಹೆಚ್ಚಾಗಿ ಇಲ್ಲಿ ದಾರಿ ತಪ್ಪಿಸಿದ್ದು ತಮಗೆ ಅರ್ಥವಾಗಿದೆ ಎಂಬ ನಂಬಿಕೆ. ನಾನು ಓದಿದ ಈ ವಿಷಯದ ಅಧ್ಯಯನಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಈ ನಂಬಿಕೆ ಹುಟ್ಟುವುದು ಗಾಜಿನಿಂದಲ್ಲ, ಗಾಜಿನ ಮೇಲೆ ನಡೆಯುವುದನ್ನು ವಿನ್ಯಾಸ ಮಾಡಿದ ರೀತಿಯಿಂದ. ಪುಟಕ್ಕೆ ಕೊನೆ ಎಂಬುದೊಂದಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಎಂಜಿನಿಯರ್, ಕೆಳಗೆ ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ ಪುಟವನ್ನು ರೂಪಿಸಿದರು. ಜನರ ಅನುಕೂಲಕ್ಕೆಂದೇ ಮಾಡಿದ್ದು. ಅದರಿಂದಾದದ್ದನ್ನು ನೋಡಿ ಆಮೇಲೆ ಅವರೇ ಬಹಿರಂಗವಾಗಿ ವಿಷಾದಪಟ್ಟರು. ನಮ್ಮ ಪಂಕ್ತಿ ಊಟದಲ್ಲಿ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತೆಂದು ಎಲ್ಲರಿಗೂ ಗೊತ್ತು, ಎಲೆ ಮಡಚುತ್ತಾರೆ. ಇದು ಮಜ್ಜಿಗೆಯೇ ಬಾರದ ಊಟ. 2009ರಲ್ಲಿ ಫೇಸ್‌ಬುಕ್‌ನ ಲೈಕ್ ಗುಂಡಿ ಬಂತು. 2017ರಲ್ಲಿ ನೆಟ್‌ಫ್ಲಿಕ್ಸ್ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ತಮ್ಮ ಕಂಪನಿಯ ಪೈಪೋಟಿ ಇರುವುದು ಜನರ ನಿದ್ದೆಯ ಜೊತೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. 2020ರ ಜೂನ್ ಕೊನೆಗೆ ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈ ಎರಡನೇ ವಾರ ಕಳೆಯುವಷ್ಟರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ನಮ್ಮಲ್ಲಿ ಶುರುವಾಗಿತ್ತು. ಖಾಲಿಯಾದ ಜಾಗ ಒಂದು ತಿಂಗಳೂ ಖಾಲಿ ಉಳಿಯಲಿಲ್ಲ. ಇಷ್ಟು ದೊಡ್ಡ ವ್ಯವಸ್ಥೆಯ ಎದುರು ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಹದಿನಾಲ್ಕರ ಹುಡುಗನಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ.

ಯೋಚನೆಯ ವಿಷಯಕ್ಕೆ ಬಂದರೆ, ‘ಗೂಗಲ್‌ನಲ್ಲಿ ಸಿಗುವುದನ್ನು ತಲೆಯಲ್ಲಿ ಏಕೆ ಇಟ್ಟುಕೊಳ್ಳಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಪ್ರಸಿದ್ಧ. ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ನಂಬಿದವರು ಅದನ್ನು ಕಡಿಮೆ ನೆನಪಿಟ್ಟುಕೊಂಡರು. ಅಳಿಸಿಹೋಗುತ್ತದೆ ಎಂದು ತಿಳಿದವರು ಹೆಚ್ಚು ನೆನಪಿಟ್ಟುಕೊಂಡರು. ಇದೇನೂ ಹೊಸ ಸಂಗತಿಯಲ್ಲ ಎನ್ನಬಹುದು. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು, ಮಾದಪ್ಪನ ಕತೆಯನ್ನು ಕಂಸಾಳೆಯವರು ರಾತ್ರಿಗಟ್ಟಲೆ ಬಾಯಲ್ಲೇ ಹಾಡುತ್ತಿದ್ದರು. ಪುಸ್ತಕ ಬಂದ ಮೇಲೆ ಉಳಿದ ನಮಗೆಲ್ಲ ಆ ಶಕ್ತಿ ಹೋಯಿತು, ಬದಲಿಗೆ ಬೇರೊಂದು ಬಂತು. ಒಪ್ಪುತ್ತೇನೆ. ಆದರೆ ಪುಸ್ತಕ ಓದಿದವನ ತಲೆಯೊಳಗೆ ಏನೋ ಒಂದು ಉಳಿಯುತ್ತಿತ್ತು, ಮುಂದೊಂದು ದಿನ ಇನ್ನೇನನ್ನೋ ಓದುವಾಗ ಅದು ಎದ್ದು ಬಂದು ಇದಕ್ಕೆ ತಗಲಿಕೊಳ್ಳುತ್ತಿತ್ತು. ಹೊಸ ಯೋಚನೆ ಹುಟ್ಟುವುದು ಹಾಗೆಯೇ. ತಲೆಯಲ್ಲಿ ಇಲ್ಲದ್ದು ತಾನಾಗಿ ಎದ್ದು ಬರುವುದಿಲ್ಲ, ಹುಡುಕಬೇಕು. ಹುಡುಕಬೇಕಾದರೆ ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲಂತೂ ಕಾದಂಬರಿಯ ಸಾರಾಂಶ ಕೇಳಿದರೆ ಅರೆ ನಿಮಿಷದಲ್ಲಿ ಸಿಗುತ್ತದೆ. ಅವಸರಕ್ಕೆ ಅದು ಬೇಕಾಗುತ್ತದೆ, ನಿಜ. ಆದರೆ ಐನೂರು ಪುಟ ಒಂದು ಪಾತ್ರದ ಜೊತೆ ನಡೆದು, ಅದರ ಮೇಲೆ ಸಿಟ್ಟಾಗಿ, ಆಮೇಲೆ ಕನಿಕರಪಟ್ಟು, ಕೊನೆಗೆ ಅದನ್ನು ಅರ್ಥಮಾಡಿಕೊಳ್ಳುವುದಿದೆಯಲ್ಲ, ಆ ಕೆಲಸ ಓದುಗ ಮಾಡಬೇಕಾದದ್ದು. ಸಾರಾಂಶದಲ್ಲಿ ಅದು ಯಾರಿಗೂ ಆಗಿರುವುದಿಲ್ಲ.

ಸಂಬಂಧಗಳ ಕಡೆಗೆ ಬರೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ತುಸು ವಿವರವಾಗಿ ಹೇಳಬೇಕು. ಎರಡು ವರ್ಷದ ಮಕ್ಕಳು, ಅವರ ತಾಯಂದಿರು. ಪ್ರತಿ ತಾಯಿಯೂ ತನ್ನ ಮಗುವಿಗೆ ಎರಡು ಹೊಸ ಪದ ಕಲಿಸಬೇಕು. ಎರಡೂ ಸಂಶೋಧಕರೇ ಕಟ್ಟಿದ, ಮಗು ಎಲ್ಲೂ ಕೇಳಿರದ ಕ್ರಿಯಾಪದಗಳು. ಒಂದು ಪದ ಕಲಿಸುವಾಗ ಯಾವ ಅಡ್ಡಿಯೂ ಇಲ್ಲ. ಇನ್ನೊಂದನ್ನು ಕಲಿಸುವ ನಡುವೆ ತಾಯಿಯ ಫೋನ್ ಹೊಡೆದುಕೊಳ್ಳುತ್ತದೆ, ಆಕೆ ಅರೆ ನಿಮಿಷ ಮಾತಾಡಿ ಮತ್ತೆ ಮಗುವಿನ ಕಡೆ ತಿರುಗಿ ಕಲಿಸುವುದನ್ನು ಮುಂದುವರಿಸುತ್ತಾಳೆ. ಎರಡು ಪದವನ್ನೂ ಮಗು ಕೇಳಿಸಿಕೊಂಡದ್ದು ಸಮಸಮ. ಅಡ್ಡಿಯಿಲ್ಲದೆ ಕಲಿಸಿದ ಪದವನ್ನು ಮಕ್ಕಳು ಕಲಿತರು. ಫೋನ್ ಬಂದಾಗ ಕಲಿಸಿದ್ದನ್ನು ಕಲಿಯಲಿಲ್ಲ.

ಎಷ್ಟು ಸಲ ಹೇಳಿದೆವು ಎಂಬ ಲೆಕ್ಕ ಮಗುವಿಗೆ ಮುಖ್ಯವಾಗಲೇ ಇಲ್ಲ. ಅಮ್ಮನ ಕಣ್ಣು ಮತ್ತು ತನ್ನ ಕಣ್ಣು ಒಂದೇ ವಸ್ತುವಿನ ಮೇಲೆ ಕೂತು, ತಾನು ನಕ್ಕರೆ ಅವಳು ನಕ್ಕು, ಅವಳು ಅಂದದ್ದಕ್ಕೆ ತಾನು ಅಂದು, ಹೀಗೆ ಹೋಗಿ ಬರುವ ಒಂದು ಓಡಾಟವಿದೆಯಲ್ಲ, ಅದು ತುಂಡಾದಾಗ ಪದವೂ ನಿಲ್ಲಲಿಲ್ಲ. 1970ರ ದಶಕದಲ್ಲೇ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ, ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರದೆ ಕೂತರೆ ಹಸುಗೂಸು ಹೇಗೆ ತಳಮಳಿಸುತ್ತದೆ ಎಂಬುದನ್ನು ತೋರಿಸಿದ್ದರು. 2017ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಅದನ್ನೇ ಫೋನ್ ನೋಡುತ್ತಿರುವ ತಾಯಿಯ ಜೊತೆ ಮಾಡಿ ನೋಡಿದರು. ಕೂಸುಗಳ ತಳಮಳ ಅಲ್ಲೂ ಇತ್ತು. ಆಟಿಕೆಗಳ ಕಡೆಗಿನ ಕುತೂಹಲವೂ ತಗ್ಗಿತ್ತು. ಇದನ್ನು ಓದಿ ತಾಯಂದಿರ ಮೇಲೆ ಬೆರಳು ತೋರಿಸಿದರೆ ತಪ್ಪಾಗುತ್ತದೆ. ಈ ಪ್ರಯೋಗಗಳ ಕೋಣೆಯಲ್ಲಿ ಅಪ್ಪಂದಿರು ಇರಲೇ ಇಲ್ಲ ಎಂಬುದನ್ನೂ ನೆನಪಿಡಬೇಕು.

ದೊಡ್ಡ ಮಕ್ಕಳ ವಿಷಯದಲ್ಲಿ ಈ ತುಂಡಾಗುವಿಕೆ ಬೇರೆ ಥರ. ಶಾಲೆಯಿಂದ ಬಂದ ಹುಡುಗ ಬ್ಯಾಗ್ ಬಿಸಾಕಿ ಹೇಳಲು ಶುರುಮಾಡುತ್ತಾನೆ: ‘ಇವತ್ತು ಏನಾಯ್ತು ಗೊತ್ತಾ, ಪಿ.ಟಿ. ಮೇಷ್ಟ್ರು ಬಂದಿರ್ಲಿಲ್ಲ, ಆಮೇಲೆ ನಾವೆಲ್ಲ ಗ್ರೌಂಡಿಗೆ ಹೋದ್ವಿ, ಆಮೇಲೆ ಬಾಲ್ ಚರಂಡಿಗೆ ಬಿತ್ತು, ಆಮೇಲೆ…’ ಮಕ್ಕಳ ಕತೆಗೆ ನೇರ ದಾರಿ ಇರುವುದಿಲ್ಲ. ಐದಾರು ‘ಆಮೇಲೆ’ ಕಳೆದ ಮೇಲೆ, ದನಿ ಸ್ವಲ್ಪ ಇಳಿದು, ನಿಜವಾದ ಮಾತು ಬರುತ್ತದೆ: ‘ನನ್ನನ್ನ ಯಾರೂ ಟೀಮಿಗೆ ಸೇರಿಸ್ಕೊಳ್ಳಲೇ ಇಲ್ಲ.’ ಮೂರನೆಯ ‘ಆಮೇಲೆ’ಯ ಹೊತ್ತಿಗೆ ಕೇಳುವವರ ಕಣ್ಣು ಪರದೆಗೆ ಹೋಯಿತೋ, ಆ ಕೊನೆಯ ಮಾತು ಬರುವುದೇ ಇಲ್ಲ. ಹುಡುಗ ‘ಏನಿಲ್ಲ ಬಿಡು’ ಎಂದು ಎದ್ದು ಹೋಗುತ್ತಾನೆ. ವಯಸ್ಸಾದವರೂ ಹೀಗೆಯೇ. ಊರಿನ ಮಳೆ, ಅಡಿಕೆ ಧಾರಣೆ, ಪಿಂಚಣಿ, ಪಕ್ಕದ ಮನೆಯವರ ಮಗಳ ಮದುವೆ ಎಲ್ಲ ಮಾತಾಡಿ, ಎದ್ದು ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತು, ‘ಡಾಕ್ಟ್ರು ಏನೋ ಗಡ್ಡೆ ಇರೋ ಹಾಗಿದೆ ಅಂದ್ರು’ ಎನ್ನುತ್ತಾರೆ. ಮನುಷ್ಯರು ಭಾರದ ಮಾತನ್ನು ಕೊನೆಗೇ ಇಟ್ಟುಕೊಂಡಿರುತ್ತಾರೆ. ಎದುರಿನವರು ಅಲ್ಲಿಯ ತನಕ ತಮ್ಮ ಜೊತೆ ಇರುತ್ತಾರೋ ಇಲ್ಲವೋ ಎಂದು ಹಗುರದ ಮಾತುಗಳಲ್ಲಿ ಪರೀಕ್ಷೆ ಮಾಡುತ್ತಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ತಂತ್ರಜ್ಞಾನ ಕೊಟ್ಟದ್ದನ್ನು ಹೇಳದಿದ್ದರೆ ಸತ್ಯಕ್ಕೆ ದ್ರೋಹವಾದೀತು. ಯಾದಗಿರಿ, ರಾಯಚೂರಿನ ಹಳ್ಳಿಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವರನ್ನು ನೋಡಿ. ಅಕ್ಷರ ಬಾರದ ಹೆಂಡತಿ ಹಿಂದೆ ಗಂಡನಿಗೆ ಒಂದು ಕಾಗದ ಹಾಕಬೇಕಾದರೆ ಅಂಚೆಯವನಿಗೋ ಮೇಷ್ಟರಿಗೋ ಹೇಳಿ ಬರೆಸಬೇಕಿತ್ತು. ಹೊಟ್ಟೆಯೊಳಗಿನ ಸಂಕಟವನ್ನು ಪರರ ಕೈಬರಹದಲ್ಲಿ ಎಷ್ಟು ಹೇಳಲಾದೀತು? ‘ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಕಾಗದ ಮುಗಿಯುತ್ತಿತ್ತು. ಈಗ ಅವಳು ಗುಂಡಿ ಒತ್ತಿ ಹಿಡಿದು ತನ್ನ ದನಿಯಲ್ಲೇ, ತನ್ನ ಮಾತಲ್ಲೇ, ಬೈಯುವುದನ್ನು ಬೈದು ಅಳುವುದನ್ನು ಅತ್ತು ಕಳಿಸುತ್ತಾಳೆ. ನಡುವೆ ಯಾರೂ ಇಲ್ಲ. ಅಕ್ಷರಸ್ಥರ ಮರ್ಜಿಯಿಂದ ಆಕೆಗೆ ಸಿಕ್ಕ ಬಿಡುಗಡೆ ಅದು. ಅದನ್ನು ‘ವಾಯ್ಸ್ ಮೆಸೇಜ್ ಹಾವಳಿ’ ಎಂದು ಓದುಬಲ್ಲವರು ಹಗುರವಾಗಿ ಮಾತಾಡಬಾರದು.

ಹೊ‌ರದೇಶದಲ್ಲಿರುವ ನಮ್ಮವರಿಗೂ ಒಂದು ಒಳ್ಳೆಯ ಸುದ್ದಿ ಇದೆ. ಫೋನಿನ ಅಡ್ಡಿಯ ಪ್ರಯೋಗ ಮಾಡಿದ ತಂಡದವರೇ ಆದ ಹರ್ಷ್-ಪಾಸೆಕ್ ಮತ್ತು ಗೊಲಿಂಕಾಫ್, 2014ರಲ್ಲಿ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳಿಗೆ ಮೂರು ರೀತಿಯಲ್ಲಿ ಹೊಸ ಕ್ರಿಯಾಪದ ಕಲಿಸಿ ನೋಡಿದ್ದರು: ಎದುರು ಕೂತು, ಲೈವ್ ವಿಡಿಯೋ ಕರೆಯಲ್ಲಿ, ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಲ್ಲಿ. ಎದುರು ಕೂತಾಗ ಕಲಿತ ಹಾಗೆಯೇ ವಿಡಿಯೋ ಕರೆಯಲ್ಲೂ ಮಕ್ಕಳು ಕಲಿತರು. ರೆಕಾರ್ಡ್ ಮಾಡಿದ್ದರಿಂದ ಕಲಿಯಲಿಲ್ಲ. ಅಂದರೆ ಡಲ್ಲಾಸಿನಲ್ಲಿ ಹುಟ್ಟಿದ ಮೊಮ್ಮಗಳಿಗೆ ಶಿರಸಿಯ ಅಜ್ಜಿ ವಿಡಿಯೋ ಕರೆಯಲ್ಲಿ ಕನ್ನಡ ಕಲಿಸಬಲ್ಲಳು. ಮಗು ಏನೋ ತೋರಿಸುತ್ತದೆ, ಅಜ್ಜಿ ‘ಅಯ್ಯೋ, ಬೆಕ್ಕು ಓಡ್ತು!’ ಎನ್ನುತ್ತಾಳೆ, ಮಗು ‘ಓಡ್ತು’ ಎನ್ನುತ್ತದೆ. ಅದೇ ಮಗುವನ್ನು ಕನ್ನಡ ಶಿಶುಗೀತೆಗಳ ಯೂಟ್ಯೂಬ್ ಮುಂದೆ ಒಂದನ್ನೇ ಕೂರಿಸಿದರೆ ಆ ವಯಸ್ಸಿನಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ಎರಡೂ ಪರದೆಯೇ. ಒಂದರಲ್ಲಿ ಉತ್ತರ ಕೊಡುವ ಜೀವ ಇದೆ.

ಸಂದೇಶ ಓದಿದ್ದನ್ನು ಕಳಿಸಿದವರಿಗೆ ತೋರಿಸುವ ನೀಲಿ ಟಿಕ್ ಬಗ್ಗೆಯೂ ಒಂದು ಮಾತು. 2014ರ ನವೆಂಬರಿನಲ್ಲಿ ವಾಟ್ಸಾಪ್ ಅದನ್ನು ತಂದಿತು. ಅದಕ್ಕೆ ಮೊದಲು ಕಾಗದಕ್ಕೆ ಉತ್ತರ ತಡವಾದರೆ ಅಂಚೆಯ ಮೇಲೆ ಹಾಕಬಹುದಿತ್ತು, ಸಂದೇಶಕ್ಕೆ ತಡವಾದರೆ ನೋಡಿಲ್ಲವೇನೋ ಎಂದುಕೊಳ್ಳಬಹುದಿತ್ತು. ಯೋಚಿಸಿ ಉತ್ತರಿಸಲು ಆ ಅನುಮಾನದೊಳಗೆ ಜಾಗವಿತ್ತು. ಓದಿದ ನಿಮಿಷ ಇಬ್ಬರಿಗೂ ಗೊತ್ತಾದ ಮೇಲೆ ಮೌನವೇ ಒಂದು ಆರೋಪವಾಯಿತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿಡುವ ಅವಕಾಶವಿದೆ, ಆರಿಸಿಡುವುದು ಒಳ್ಳೆಯದು.

ಬೇರೆ ದೇಶಗಳು ಸುಮ್ಮನೆ ಕೂತಿಲ್ಲ. ಶಾಲೆಗಳನ್ನು ಬಹುಬೇಗ ಡಿಜಿಟಲ್ ಮಾಡಿದ್ದ ಸ್ವೀಡನ್ 2023ರಲ್ಲಿ ತಿರುಗಿ ಮುದ್ರಿತ ಪಠ್ಯಪುಸ್ತಕ ಕೊಳ್ಳಲು ಶಾಲೆಗಳಿಗೆ ಹಣ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಸೋಷಿಯಲ್ ಮೀಡಿಯಾ ಖಾತೆ ಹೊಂದುವಂತಿಲ್ಲ. ಅವರ ಕ್ರಮವನ್ನು ಇಲ್ಲಿ ನಕಲು ಮಾಡುವುದು ಸುಲಭವಲ್ಲ. ಒಂದೇ ಫೋನನ್ನು ಅಪ್ಪ, ಅಮ್ಮ, ಮೂರು ಮಕ್ಕಳು ಹಂಚಿಕೊಳ್ಳುವ ಮನೆಗಳು ನಮ್ಮಲ್ಲಿವೆ. ಆದರೆ ನಮ್ಮ ಬಳಿ ನಮ್ಮದೇ ಆದ ಎರಡು ಆಸ್ತಿ ಇವೆ.

ಒಂದು, ಒಟ್ಟಿಗೆ ಕೂತು ನಿಧಾನವಾಗಿ ಓದುವ ಪದ್ಧತಿ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಂಥ ಊರಿನಲ್ಲಿ ಗಮಕ ಇಂದಿಗೂ ಬದುಕಿದೆ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಬಿಡಿಸಿ ಅರ್ಥ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಓದು ಬಾರದವರಿಗೂ ಕುಮಾರವ್ಯಾಸ ದಕ್ಕಿದ್ದು ಹೀಗೆ. ನಗರದಲ್ಲೂ ಇದರ ಹಂಬಲ ಇದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು, ಯಾರೊಡನೆಯೂ ಮಾತಾಡದೆ, ಎಲ್ಲರೊಡನೆ ಕೂತು ಓದುವ ‘ಕಬ್ಬನ್ ರೀಡ್ಸ್’ ಶುರುವಾದ ಕೆಲವೇ ತಿಂಗಳಲ್ಲಿ ದೇಶದ ಎಷ್ಟೋ ಊರುಗಳು ಅದನ್ನು ಎತ್ತಿಕೊಂಡವು. ಮಾತಿಲ್ಲದೆ ಕೂತರೂ ಅಲ್ಲಿ ಗೆಳೆತನ ಹುಟ್ಟುತ್ತದೆ.

ಇನ್ನೊಂದು ಆಸ್ತಿ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು. 5,600ಕ್ಕೂ ಹೆಚ್ಚಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಅನೇಕ ಕಡೆ ಕಂಪ್ಯೂಟರ್ ಬಂದಿದೆ, ಗೋಡೆಗೆ ಬಣ್ಣ ಬಂದಿದೆ. ಕಂಪ್ಯೂಟರ್ ಬರಲಿ, ಹಳ್ಳಿಯ ಮಕ್ಕಳಿಗೆ ಅದೂ ಬೇಕು. ಅದರ ಜೊತೆಗೆ ನಾನು ಕೇಳುವುದು ಸಂಜೆಯ ಅರ್ಧ ಗಂಟೆ. ಆರರಿಂದ ಆರೂವರೆ ತನಕ ಫೋನುಗಳೆಲ್ಲ ಮೇಲ್ವಿಚಾರಕರ ಮೇಜಿನ ಡ್ರಾಯರಿನಲ್ಲಿ ಇರಲಿ. ಒಂದು ಪುಸ್ತಕ ಆರಿಸಿಕೊಂಡು ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಲಿ. ಒಂದು ಪುಟ ಐದನೇ ತರಗತಿಯ ಹುಡುಗಿ, ಒಂದು ಪುಟ ನಿವೃತ್ತ ಮೇಷ್ಟರು, ಒಂದು ಪುಟ ಸ್ವಸಹಾಯ ಸಂಘದ ಅಕ್ಕ. ಓದು ಬಾರದವರು ಬಂದು ಕೇಳಲಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲಿ. ಹುಡುಗಿ ಒತ್ತಕ್ಷರದಲ್ಲಿ ತಡವರಿಸಿದಾಗ ಯಾರೂ ಮುಂಚೆ ಹೇಳಿಬಿಡಬಾರದು, ಅವಳೇ ಬಿಡಿಸಿಕೊಳ್ಳುವ ತನಕ ಕಾಯಬೇಕು. ಇದಕ್ಕೆ ಹೊಸ ಯೋಜನೆ, ಹೊಸ ಆ್ಯಪ್, ಉದ್ಘಾಟನೆ ಏನೂ ಬೇಕಾಗಿಲ್ಲ. ಬೇಕಾದದ್ದು ವರ್ಷಕ್ಕೊಮ್ಮೆ ಹೊಸ ಮಕ್ಕಳ ಪುಸ್ತಕ ಕೊಳ್ಳಲು ಪಂಚಾಯಿತಿ ತೆಗೆದಿಡುವ ಒಂದಿಷ್ಟು ದುಡ್ಡು ಮತ್ತು ಮೇಲ್ವಿಚಾರಕರಿಗೆ ಬದುಕಲು ಸಾಕಾಗುವ ಸಂಬಳ. ಮೊದಲ ತಿಂಗಳು ನಾಲ್ಕೇ ಮಕ್ಕಳು ಬಂದರೂ ಅದನ್ನು ನಿಲ್ಲಿಸಬಾರದು.